ಬೆಂಚು ತಟ್ಟುವ ಅಂಜನಮ್ಮ

ಮೆದುಳು ಜ್ವರ ಬಿಟ್ಟುಹೋಗುವಾಗ ನನ್ನ ಎರಡೂ ಕಿವಿಗಳನ್ನು ತಗೊಂಡೇ ಹೋಯಿತು. ಕಿವಿಗೆ ಮೆಷಿನ್ ಹಾಕಿದರೂ ಗೊರಗೊರ ಬಿಟ್ಟರೆ ಬೇರೇನಿಲ್ಲ. ಆದರೂ ತಿಲಕ್ ನಗರದ ಬೈಂಡಿಂಗ್ ಅಂಗಡಿಯಲ್ಲಿ ನನ್ನ ಕೆಲಸ ಉಳಿಯಿತು. ಉಳಿಸಿದವರು ಅಂಟು ಹಚ್ಚುವ ಅಂಜನಮ್ಮ.

"ಕಿರುಚಿದ್ರೆ ಶಿವಬಸಮ್ಮಂಗೆ ಕೇಳುತ್ತೇನ್ರೋ? ಮೊದ್ಲು ಬೆಂಚು ತಟ್ಟಿ. ಆಮೇಲೆ ಎದುರಿಗೆ ಬಂದು ಮಾತಾಡಿ. ಎಲೆ ಅಡಿಕೆ ಉಗಿದು ಬನ್ರಪ್ಪ, ತುಟಿ ಕಾಣ್ಬೇಕು!" ಅಂತ ನನ್ನ ಪರವಾಗಿ ಎಲ್ಲರಿಗೂ ಗದರುತ್ತಿದ್ದರು.

ನಾವೆಲ್ಲ ಒಂದೇ ಉದ್ದನೆಯ ಮರದ ಬೆಂಚಿನ ಮೇಲೆ ಹಾಳೆ ಮಡಿಚುತ್ತಿದ್ದೆವು. ಯಾರು ಎಲ್ಲಿ ತಟ್ಟಿದರೂ ನನ್ನ ಅಂಗೈಗೆ ತಿಳಿಯುತ್ತಿತ್ತು. ಅಂಜನಮ್ಮನದು ಬೇರೆಯೇ ತಟ್ಟು. ಮೊದಲನೆಯದು ಜೋರು, ಮಣಿಕಟ್ಟು ನೋವಿದ್ದುದರಿಂದ ಎರಡನೆಯದು ಮೆತ್ತಗೆ.

ಶಿವರಾತ್ರಿ ಕಳೆದ ವಾರ ಅವರು ಎದೆನೋವೆಂದು ಮಲಗಿದವರು ಏಳಲಿಲ್ಲ.

ಅವರ ತಿಥಿ ಊಟ ಮುಗಿಸಿಕೊಂಡು ಕೆಲಸಕ್ಕೆ ಬಂದ ದಿನ ಬೆಂಚು ಅದುರಿತು. ಒಂದು ಜೋರು, ಒಂದು ಮೆತ್ತಗೆ. ತಿರುಗಿದೆ. ಬೆಂಚಿನ ಹತ್ತಿರ ಯಾರೂ ಇರಲಿಲ್ಲ. ದೂರದ ಬಾಗಿಲಲ್ಲಿ ಮಾಲೀಕರು ಬದರಿನಾಥ್ ನನ್ನನ್ನು ಕರೆಯಲು ಆಗತಾನೇ ಬಾಯಿ ತೆರೆದಿದ್ದರು.

ಮರುದಿನವೂ ಹಾಗೇ. ಆಮೇಲೆ ದಿನವೂ ಹಾಗೇ. ಯಾರು ಹಿಂದಿನಿಂದ ಕರೆದರೂ ನಾನು ಮೊದಲೇ ತಿರುಗಿರುತ್ತಿದ್ದೆ.

"ಏನಮ್ಮಾ, ಕಿವಿ ವಾಸಿ ಆಗೋಯ್ತಾ? ಹೇಳೋದೇ ಇಲ್ವಲ್ಲ!" ಅಂತ ಬದರಿನಾಥ್ ನಕ್ಕರು. ಎಲ್ಲರೂ ನಂಬಿದರು. ಬೆಂಚು ತಟ್ಟುವುದನ್ನೇ ಬಿಟ್ಟರು. ತಟ್ಟುತ್ತಿದ್ದುದು ಇನ್ನು ಒಂದೇ ಕೈ.

ಒಂದು ಶನಿವಾರ ಬದರಿನಾಥ್ ಎದುರು ಬಂದು ನಿಂತರು. "ಮಡಿಚೋಕೆ ಮೆಷಿನ್ ಬರ್ತಿದೆ, ಬೆಂಚಿನ ಕೆಲ್ಸ ಇರಲ್ಲ. ಕಟಿಂಗ್‌ಗೆ ಬಂದ್ರೆ ಉಳ್ಕೋತೀರ. ಆದ್ರೆ ಅಲ್ಲಿ ಕಿವಿ ಚುರುಕಾಗಿರ್ಬೇಕು. ಇದೆ ತಾನೆ?"

ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಮಗಳು ಪ್ರೇರಣಾ ಆ ವರ್ಷ ಎಸ್ಸೆಸ್ಸೆಲ್ಸಿ.

"ಇದೆ ಸಾರ್" ಅಂದೆ.

ಕಟಿಂಗ್ ಮೆಷಿನ್ ಇದ್ದದ್ದು ಸಿಮೆಂಟು ನೆಲದ ಮೇಲೆ. ಅಲ್ಲಿ ಯಾವ ಬೆಂಚೂ ಇಲ್ಲ. ಹಿಂದಿನ ದಿನವಷ್ಟೇ ಸೇರಿದ ಚಿದಾನಂದ್ ಕಾಗದದ ಕಟ್ಟನ್ನು ಬ್ಲೇಡಿನ ಕೆಳಗೆ ಸರಿಮಾಡಿ, ಕೈ ತೆಗೆದು "ಹ್ಞೂಂ" ಅನ್ನಬೇಕು. ನಾನು ಲಿವರ್ ಎಳೆಯಬೇಕು. ಅವನು ಬಗ್ಗಿರುವುದರಿಂದ ತುಟಿ ಕಾಣುವುದಿಲ್ಲ. ಹ್ಞೂಂ ಅನ್ನುವಾಗ ಅವನ ತಲೆ ಕೊಂಚ ಕೆಳಗೆ ಹೋಗುವುದನ್ನು ಗಮನಿಸಿ, ಅದನ್ನೇ ನಂಬಿ ಎಳೆಯತೊಡಗಿದೆ. ಬೆಳಗ್ಗೆಯೆಲ್ಲ ಸರಿಹೋಯಿತು.

ಊಟದ ನಂತರ ಅವನ ತಲೆ ಕೆಳಗೆ ಹೋಯಿತು. ನಾನು ಲಿವರ್ ಹಿಡಿದೆ.

ಭುಜದ ಮೇಲೆ ಕೈ ಬಿತ್ತು. ಜೋರಾಗಿ ಒಮ್ಮೆ. ಆಮೇಲೆ ಮೆತ್ತಗೆ.

ಲಿವರ್ ಎಳೆಯದೆ ನಿಂತೆ. ತಿರುಗಿ ನೋಡುವ ಧೈರ್ಯ ಬರಲಿಲ್ಲ. ಎದುರಿಗೆ ನೋಡಿದೆ. ಚಿದಾನಂದನ ನಾಲ್ಕು ಬೆರಳು ಇನ್ನೂ ಬ್ಲೇಡಿನ ಕೆಳಗಿದ್ದವು. ಅವನು ಸೀನಿದ್ದ ಅಷ್ಟೇ, ಹ್ಞೂಂ ಅಂದಿರಲಿಲ್ಲ.

ತಲೆ ಎತ್ತಿ ನಕ್ಕ. "ತಡೀರಿ ಅಂದಿದ್ದು ಕೇಳಿಸ್ತಲ್ಲ, ಸಖತ್ ಕಿವಿ ಅಕ್ಕ ನಿಮ್ದು!"

ನಾನು ಮೆಷಿನ್ನಿನ ಸ್ವಿಚ್ ಆರಿಸಿದೆ. ಬದರಿನಾಥರ ಮೇಜಿನ ಮುಂದೆ ಹೋಗಿ ನಿಂತು, "ನಂಗೆ ಏನೂ ಕೇಳ್ಸಲ್ಲ ಸಾರ್. ಆವತ್ತೂ ಕೇಳ್ತಿರ್ಲಿಲ್ಲ, ಇವತ್ತೂ ಇಲ್ಲ. ಈ ಹುಡುಗನ ಬೆರಳು ಹೋಗ್ತಿತ್ತು" ಅಂದೆ.

ಬದರಿನಾಥರ ಮುಖ ಬಿಳಚಿತು. "ಮತ್ತೆ ಯಾರು ನಿಲ್ಸಿದ್ದು?"

ನಾನು ಹಿಂದಕ್ಕೆ ತಿರುಗಿದೆ. ಹಿಂದೆಯೇ ಬಂದಿದ್ದ ಚಿದಾನಂದ್ ಬೆಳಕಿಗೆ ಮುಖಮಾಡಿ ನಿಂತಿದ್ದ. ಅವನ ತುಟಿಯ ಒಂದೊಂದು ಮಾತೂ ನನಗೆ ತಿಳಿಯಿತು.

"ಅಕ್ಕನ ಹಿಂದೆ ನಿಂತಿದ್ರಲ್ಲ ಸಾರ್, ಆ ಅಜ್ಜಿ. ಕೈಯೆಲ್ಲ ಅಂಟು ಮೆತ್ಕೊಂಡಿದ್ರು. ಇಲ್ಲೇ ಕೆಲ್ಸ ಮಾಡೋರು ಅನ್ಕೊಂಡೆ."

ಬದರಿನಾಥ್ ಎದ್ದು ನನ್ನೆದುರಿಗೆ ಬಂದು ನಿಧಾನವಾಗಿ, "ಕೆಲ್ಸ ಬಿಡ್ಬೇಡಿ ಶಿವಬಸಮ್ಮ. ಏನಾದ್ರೂ ಮಾಡೋಣ" ಅಂದರು.

ಸಂಜೆ ಎಲೆಕ್ಟ್ರಿಷಿಯನ್ ಬಂದು ನನ್ನ ಕಣ್ಣೆದುರಿಗೆ ಕೆಂಪು ಬಲ್ಬು ಹಾಕಿದ. ಚಿದಾನಂದ್ ಎರಡೂ ಕೈ ತೆಗೆದು ಪಕ್ಕದ ಗುಂಡಿ ಒತ್ತಿದರೆ ಅದು ಹತ್ತುತ್ತದೆ, ಆಮೇಲೇ ನಾನು ಎಳೆಯುತ್ತೇನೆ. ಇಷ್ಟು ದಿನವಾದರೂ ಚಿದಾನಂದ್ ಗುಂಡಿ ಒತ್ತುವ ಮೊದಲು ಒಮ್ಮೆ ನನ್ನ ಭುಜದ ಕಡೆ ನೋಡುತ್ತಾನೆ. ಯಾಕೆ ಅಂತ ನಾನು ಕೇಳಿಲ್ಲ.