ಎರಡು ತೋಳಿನ ಅಂಗಿ, ಎರಡು ಕೋಣೆಯ ಮನೆ

"ಎರಡು ಕೋಣೆ ಮನೆ ಅಲ್ವಾ? ಇಪ್ಪತ್ತು ಲಕ್ಷ. ಪಕ್ಕದ ಕಟ್ಟಡದ ಎರಡು ಕೋಣೆ ಮನೇನೂ ಅಷ್ಟಕ್ಕೇ ಹೋಯ್ತು" ಎಂದು ಹೇಳಿ ದಲ್ಲಾಳಿ ಮೆಟ್ಟಿಲಿಳಿದ.

ದರ್ಜಿಯ ಮುಖ ಸಪ್ಪಗಾಯಿತು. ಹೆಂಡತಿಯ ಮಂಡಿ ಸವೆದಿತ್ತು. ಮೂರನೇ ಮಹಡಿ ಹತ್ತುವಾಗ ಅವಳಿಗೆ ಜೀವ ಬಾಯಿಗೆ ಬರುತ್ತಿತ್ತು. ಈ ಮನೆ ಮಾರಿ ನೆಲಮಹಡಿಯ ಮನೆಯೊಂದನ್ನು ಕೊಳ್ಳಬೇಕು. ಇಪ್ಪತ್ತಕ್ಕೆ ಅದು ಆಗದ ಮಾತು.

"ಏನು ಮಾಡೋದು, ಎಲ್ಲರೂ ಅದೇ ರೇಟು ಅಂತಾರೆ. ನಾಳೆ ಒಪ್ಕೊಂಡುಬಿಡ್ತೀನಿ" ಎಂದ.

ಬ್ಯಾಂಕಿನ ಮನೆಸಾಲದ ವಿಭಾಗದಲ್ಲಿದ್ದ ತಂಗಿ ಸಿಡುಕಿದಳು. "ಅಣ್ಣಾ, 'ಎರಡು ತೋಳಿನ ಅಂಗಿ' ಅಂದ್ರೆ ಸಾಕಾ? ಎದೆ ಸುತ್ತಳತೆ ಕೇಳ್ದೆ ಬಟ್ಟೆ ಕತ್ತರಿಸ್ತೀಯಾ?"

"ನನಗೇನು ತಲೆ ಕೆಟ್ಟಿದ್ಯಾ?"

"ಮತ್ತೆ ಕೋಣೆ ಎಣಿಸಿ ಮನೆ ಮಾರೋದು ಯಾವ ಸೀಮೆ ಜಾಣತನ? ಟೇಪು ಹಿಡಿ!"

ಗೊಣಗುತ್ತಲೇ ಅಳೆದ. ಎಂಟುನೂರು ಚದರಡಿ! ವಿಚಾರಿಸಿದರೆ ಪಕ್ಕದ ಕಟ್ಟಡದ ಮನೆ ಬರೀ ಐನೂರೈವತ್ತು.

ಬೀದಿಯಲ್ಲಿ ಇತ್ತೀಚೆಗೆ ಇಂಥವೇ ಮಹಡಿ ಮನೆಗಳನ್ನು ಮಾರಿದವರನ್ನೆಲ್ಲ ಅಣ್ಣ ತಂಗಿ ಅಳತೆ, ಬೆಲೆ ವಿಚಾರಿಸಿದರು. "ಬಾಯಲ್ಲಿ ಹೇಳಿದ ಬೆಲೆ ಬೇಡ, ಕೈಗೆ ಬಂದ ಬೆಲೆ ಹೇಳಿ" ಎಂದು ತಂಗಿ ಮುಲಾಜಿಲ್ಲದೆ ಕೇಳಿದಳು.

ಆಮೇಲೆ ಕತ್ತರಿಸುವ ಮೇಜಿನ ಮೇಲೆ ಕಪ್ಪು ಬಟ್ಟೆ ಹಾಸಿದರು. ಅಡ್ಡಕ್ಕೆ ಅಳತೆ, ಮೇಲಕ್ಕೆ ಬೆಲೆ. ಮನೆಗೊಂದು ಸೀಮೆಸುಣ್ಣದ ಚುಕ್ಕಿ. ಮನೆ ದೊಡ್ಡದಾದಷ್ಟೂ ಚುಕ್ಕಿ ಮೇಲೇರಿತು. ಒಂದು ದೊಡ್ಡ ಮನೆಯ ಚುಕ್ಕಿ ಮಾತ್ರ ಕೆಳಗೆ ಕೂತಿತ್ತು.

"ನೋಡು, ನಿನ್ನ ಲೆಕ್ಕ ಮಕಾಡೆ ಬಿತ್ತು!" ಎಂದ ದರ್ಜಿ.

"ಅಯ್ಯೋ, ಅದು ಮರ ಕೊಯ್ಯೋ ಮಿಲ್ಲಿನ ಪಕ್ಕದ್ದು ರೀ. ಆ ಸದ್ದಲ್ಲಿ ಯಾರು ಮಲಗ್ತಾರೆ?" ಎಂದಳು ಹೆಂಡತಿ.

"ಸರಿಯಾಗಿ ಹೇಳಿದ್ರಿ ಅತ್ತಿಗೆ. ಅಳತೆಯೊಂದರಿಂದಲೇ ಬೆಲೆ ನಿಲ್ಲಲ್ಲ. ಆದ್ರೆ ಅಳತೆ ಬಿಟ್ಟು ಬೆಲೆ ಕಟ್ಟೋಕೂ ಆಗಲ್ಲ."

ದರ್ಜಿ ಉಳಿದ ಚುಕ್ಕಿಗಳ ನಡುವೆ ಗೆರೆ ಎಳೆದ. ಎಂಟುನೂರರ ಮೇಲೆ ಗೆರೆ ಇಪ್ಪತ್ತೆಂಟು ಲಕ್ಷದ ಹತ್ತಿರ ಹಾದುಹೋಯಿತು. ಅವನು ಕುರ್ಚಿಯಲ್ಲಿ ಧೊಪ್ಪನೆ ಕುಳಿತ. "ನಾಳೆ ಕೊರಳು ಕೊಟ್ಟುಬಿಡ್ತಿದ್ದೆನಲ್ಲೇ!"

ಮರುದಿನ ಬಂದ ದಲ್ಲಾಳಿ ಬಟ್ಟೆಯನ್ನು ನೋಡಿ ತಲೆ ಕೆರೆದುಕೊಂಡ. ಎಳೆದಾಡಿ ಇಪ್ಪತ್ತೇಳಕ್ಕೆ ವ್ಯಾಪಾರ ಕುದುರಿತು.

ಆ ದುಡ್ಡಿನಲ್ಲಿ ಕೊಂಡ ನೆಲಮಹಡಿಯ ಹೊಸ ಮನೆಯ ಬಾಗಿಲಲ್ಲಿ ಹೆಂಡತಿ ಅಭ್ಯಾಸಬಲದಿಂದ ಕಾಲೆತ್ತಿದಳು. ಮೆಟ್ಟಿಲೇ ಇರಲಿಲ್ಲ. ನಗುತ್ತಾ ಒಳಗೆ ನಡೆದಳು.

ಮನೆ ಮಾರುವವರೇ, ಕೊಳ್ಳುವವರೇ, ಯಾರೋ ಹೇಳಿದ ಬೆಲೆಗೆ ಕೋಲೆ ಬಸವನ ಹಾಗೆ ತಲೆಯಾಡಿಸಬೇಡಿ. ಮನೆ ಅಳೆಯಿರಿ. ಅಕ್ಕಪಕ್ಕದಲ್ಲಿ ನಿಜವಾಗಿ ಮಾರಿದ ಬೆಲೆ ಕೇಳಿ, ಚುಕ್ಕಿ ಇಡಿ. ಜಾರಿದ ಚುಕ್ಕಿ ಕಂಡರೆ ಕಾರಣ ಹುಡುಕಿ. ಅಳೆಯದೆ ಕತ್ತರಿ ಹಾಕಬೇಡಿ!