ಹದಿನಾಲ್ಕು ಕಲೆ

ಆರು ವರ್ಷ ನಾನು ನಮ್ಮತ್ತೆಯ ಕಣ್ಣಿಗೆ ಅಪರಾಧಿಯಾಗಿದ್ದೆ. ಮಗಳು ಕುಸುಮಾ ಹೊಟ್ಟೆಯಲ್ಲಿದ್ದಾಗ ಗ್ರಹಣ ಹಿಡಿದಿತ್ತು. ಬಸುರಿಯರು ಆ ಹೊತ್ತಿನಲ್ಲಿ ಮಿಸುಕದೆ ಮಲಗಿರಬೇಕು, ಮೈ ಮುಟ್ಟಿಕೊಂಡರೆ ಕೂಸಿಗೆ ಕಲೆ ಬೀಳುತ್ತದೆ ಎಂದು ನಮ್ಮ ಖಾನಾಪುರದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನನಗೆ ಬೆನ್ನು ತುರಿಸಿತು, ತುರಿಸಿಕೊಂಡೆ. ಕೂಸು ಹುಟ್ಟಿ ಕೆಲವೇ ತಿಂಗಳಲ್ಲಿ ಅದರ ಬೆನ್ನು, ಹೊಟ್ಟೆ, ತೊಡೆಯ ಮೇಲೆ ಹಾಲು ಹಾಕಿದ ಚಹಾದ ಬಣ್ಣದ ಕಲೆಗಳೆದ್ದವು. ಅತ್ತೆ ಶಾಂತಮ್ಮ ಎಣ್ಣೆ ಹಚ್ಚುವಾಗೆಲ್ಲ ಅವನ್ನು ಎಣಿಸಿ ನನ್ನ ಮುಖ ನೋಡುತ್ತಿದ್ದರು. ಒಂದು ಸಲ ಬೆನ್ನು ತುರಿಸಿಕೊಂಡದ್ದಕ್ಕೆ ಹದಿನಾಲ್ಕು ಕಲೆಯೇ ಎಂದು ಕೇಳಲು ಬಾಯಿತನಕ ಬಂದರೂ ನುಂಗಿಕೊಳ್ಳುತ್ತಿದ್ದೆ. ಒಳಗೊಳಗೆ ನಾನೂ ನಂಬಿದ್ದೆ.

ಈ ಬೇಸಿಗೆಯಲ್ಲಿ ಕುಸುಮಾಳ ಬಲಗಣ್ಣು ಮುಂದಕ್ಕೆ ಉಬ್ಬತೊಡಗಿತು. ನಾನು ಮತ್ತೆ ಐದು ತಿಂಗಳ ಬಸುರಿ. ಗಂಡ ಆದಿನಾಥರು ಬೆಳಗಿನ ರೈಲಿಗೆ ನಮ್ಮಿಬ್ಬರನ್ನೂ ಬೆಳಗಾವಿಗೆ ಕರೆದೊಯ್ದರು.

ಖಾಸಬಾಗದ ಕಣ್ಣಿನ ಡಾಕ್ಟರು ಬಾಳಕೃಷ್ಣಪಂತರು ಕಿಟಕಿ ಮುಚ್ಚಿ, ದೀಪದ ಬೆಳಕನ್ನು ಸಣ್ಣ ಕನ್ನಡಿಯಿಂದ ಮಗುವಿನ ಕಣ್ಣೊಳಗೆ ಬಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಅವಳ ಅಂಗಿ ಬಿಚ್ಚಿಸಿದರು. ಅವರು ಕಲೆಗಳನ್ನು ನೋಡುತ್ತಿದ್ದಂತೆ ನನಗೆ ತಡೆಯಲಾಗಲಿಲ್ಲ.

"ತಪ್ಪು ನಂದ್ರಿ. ಗ್ರಹಣದಾಗ ಮೈ ತುರಿಸ್ಕೊಂಡೆ."

ಅವರು ನಗಲಿಲ್ಲ. ನಮ್ಮವರ ಕಡೆ ತಿರುಗಿ, "ನೀವೂ ಅಂಗಿ ತಗೀರಿ" ಎಂದರು.

ನಮ್ಮವರ ಬೆನ್ನ ತುಂಬ ಅವರೆಕಾಳಿನಂಥ ಮೆತ್ತನೆಯ ಗಂಟುಗಳಿವೆ, ನಡುನಡುವೆ ಅದೇ ಬಣ್ಣದ ಕಲೆಗಳು. ಮಾವನವರಿಗೂ ಇದ್ದವಂತೆ. ಉಂಡುಟ್ಟು ಸುಖವಾಗಿರುವ ಮನೆತನದ ಗುರುತು ಎಂದು ಅತ್ತೆ ಹೆಮ್ಮೆಪಡುತ್ತಿದ್ದರು. ಮೊಮ್ಮಗಳ ಮೈಯಲ್ಲಿ ಗ್ರಹಣ, ಮಗನ ಮೈಯಲ್ಲಿ ಮನೆತನ! ಎರಡೂ ಒಂದೇ ಇರಬಹುದೆಂದು ಯಾರಿಗೂ ಹೊಳೆದಿರಲಿಲ್ಲ, ನನಗೂ.

"ಗ್ರಹಣದ್ದಲ್ಲ ತಂಗಿ" ಎಂದರು ಡಾಕ್ಟರು. "ಇದು ರಕ್ತದಾಗ ಬರೂ ರೋಗ. ಅಜ್ಜನಿಂದ ಅಪ್ಪಗ, ಅಪ್ಪನಿಂದ ಮಗಳಿಗೆ. ಕೆಲವು ಮಕ್ಕಳಿಗೆ ಕಣ್ಣಿನ ನರದಾಗೂ ಗಂಟು ಬೆಳೀತೈತಿ. ಬಲಗಣ್ಣಿನ ದೃಷ್ಟಿ ಹೋಗೇತಿ. ಎಡಗಣ್ಣು ಇನ್ನೂ ಚಲೋ ಐತಿ. ಆದ್ರ ಎರಡೂ ನರ ಕೂಡೂ ಜಾಗಾಕ್ಕ ಗಂಟು ಹಬ್ಬಿದ್ರ ನಮ್ಮ ಕೈಲೆ ಏನೂ ಆಗೂದಿಲ್ಲ."

ದಿನಾ ಬೆಳಿಗ್ಗೆ ಅವಳ ಬಲಗಣ್ಣು ಮುಚ್ಚಿಸಿ, ಹತ್ತು ಹೆಜ್ಜೆ ದೂರದಿಂದ ಬೆರಳು ತೋರಿಸಿ ಎಣಿಸಲು ಹೇಳಬೇಕು, ತಪ್ಪಿದರೆ ಕೂಡಲೇ ಕರೆತರಬೇಕು ಎಂದರು.

"ಹೊಟ್ಯಾಗಿನ ಕೂಸಿಗೆ?" ಎಂದು ಕೇಳಿದೆ.

"ಬರಬಹುದು, ಬರದನೂ ಇರಬಹುದು. ಎರಡೂ ಸರಿಸಮ."

ಆರು ವರ್ಷದ ಹೊರೆ ಇಳಿದು ನನಗೆ ಹಗುರವಾಗಬೇಕಿತ್ತು. ಆಗಲಿಲ್ಲ. ತಪ್ಪು ನನ್ನದಾಗಿದ್ದರೆ ಮುಂದೆ ತಪ್ಪಾಗದ ಹಾಗೆ ನೋಡಿಕೊಳ್ಳಬಹುದಿತ್ತು. ಈ ಸಲದ ಬಸುರಿನಲ್ಲಿ ಗ್ರಹಣ ಬಂದಾಗ ಸೊಳ್ಳೆ ಕಚ್ಚಿದರೂ ಕದಲದೆ ಮಲಗಿದ್ದೆ. ಈಗ ಏನು ಮಾಡಿ ಈ ಕೂಸನ್ನು ಕಾಯಲಿ? ರೈಲಿನಲ್ಲಿ ಹೊಟ್ಟೆ ಹಿಡಿದುಕೊಂಡು ಕುಳಿತಿದ್ದೆ. ನಮ್ಮವರು ಕೊರಳತನಕ ಅಂಗಿಯ ಗುಂಡಿ ಹಾಕಿಕೊಂಡು ಹೊರಗೆ ನೋಡುತ್ತಿದ್ದರು.

ಮನೆಗೆ ಬಂದೊಡನೆ ಅವರೇ ಹೇಳಿದರು. "ಅವ್ವಾ, ಇದು ನನ್ನಿಂದ ಬಂದದ್ದಂತ. ಅಪ್ಪನಿಂದ ನನಗ."

"ಯಾರ್ ಹೇಳಿದ್ರು? ಗ್ರಹಣದ್ದು ಇದು" ಎಂದು ಅತ್ತೆ ಒಳಗೆ ಹೋಗಿಬಿಟ್ಟರು. ಮೊದಲ ಸಲ ನನ್ನ ಮುಖ ನೋಡದೆ ಆ ಮಾತು ಹೇಳಿದರು. ನನಗೆ ಸಿಟ್ಟು ಬರಲಿಲ್ಲ. ಅವರ ಮಾತೇ ಖರೆಯಾಗಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು.

ಎರಡು ತಿಂಗಳು ಕುಸುಮಾ ಒಂದು ದಿನವೂ ತಪ್ಪಲಿಲ್ಲ. ಸರಿಯಾಗಿ ಹೇಳಿದಳೆಂದರೆ ಓಡಿಹೋಗಿ ಅಪ್ಪಿಕೊಂಡು ಅತ್ತುಬಿಡುತ್ತಿದ್ದೆ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಒಂದು ಬೆಳಿಗ್ಗೆ ಮೂರು ಬೆರಳು ತೋರಿಸಿದೆ.

"ಎರಡು" ಎಂದಳು.

ಎತ್ತಿದ ನನ್ನ ಕೈ ಕೆಳಗಿಳಿಯಲಿಲ್ಲ.

"ನಾಕು?"

ಅವಳು ಕಣ್ಣಿನ ಮೇಲಿನ ಕೈ ತೆಗೆಯದೆ ನನ್ನ ದಿಕ್ಕಿಗೆ ಮುಖ ಮಾಡಿ ಮೆಲ್ಲಗೆ ಕೇಳಿದಳು.

"ಎಷ್ಟಂದ್ರ ನೀ ಅಳೂದಿಲ್ಲವ್ವಾ?"