ಅಪ್ಪನ ಹೂಂ

ಬೆಳಗಾವಿಯ ಆ ದೊಡ್ಡ ಆಸ್ಪತ್ರೆಯಲ್ಲಿ ನಿಖಿತಾಳ ಕೆಲಸ ಏನೆಂದು ಒಂದೇ ಮಾತಿನಲ್ಲಿ ಹೇಳುವುದು ಕಷ್ಟ. ರೋಗಿಗಳ ಹತ್ತಿರ ಕುಳಿತು ಅವರ ಮನಸ್ಸಿನ ಭಾರ ಕೇಳಿಸಿಕೊಳ್ಳುವವರನ್ನು ತಯಾರು ಮಾಡುವ ಮೇಡಂ ಅವಳು. ಬೆಳಿಗ್ಗೆ ಪಾಠ, ಆಮೇಲೆ ಮೀಟಿಂಗು, ಮಧ್ಯಾಹ್ನ ವಿದ್ಯಾರ್ಥಿಗಳ ಜೊತೆ ವಾರ್ಡು. ಪಾಠಕ್ಕೆಷ್ಟು ಹೊತ್ತು, ವಾರ್ಡಿಗೆಷ್ಟು ಹೊತ್ತು ಎಂದು ಮೀಟಿಂಗಿನಲ್ಲಿ ಹಂಚುತ್ತಿದ್ದರು. ಹಾಗೆ ಹಂಚುವುದಕ್ಕೇ ಹಾಳಾಗುವ ಹೊತ್ತನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಇದರ ನಡುವೆ ಅವಳು ಅಪ್ಪ ತಮ್ಮಣ್ಣನನ್ನು ಖಾನಾಪುರದಿಂದ ಕರೆತಂದು ತನ್ನ ಆಸ್ಪತ್ರೆಯಲ್ಲೇ ಸೇರಿಸಿದ್ದಳು. ಸಕ್ಕರೆ ಕಾಯಿಲೆಯಿಂದ ಬಲಗಾಲು ಕೊಳೆತಿತ್ತು. ಅದನ್ನು ತೆಗೆಯಬೇಕಿತ್ತು. ಒಂದು ಬೆಳಿಗ್ಗೆ ಕ್ಲಾಸಿಗೆ ಹೋಗುವ ದಾರಿಯಲ್ಲಿ ಅವನ ಮಂಚದ ಹತ್ತಿರ ನಿಂತುಕೊಂಡೇ ಒಪ್ಪಿಗೆ ಕೇಳಿದ್ದಳು. ಅವನು ಹೂಂ ಅಂದಿದ್ದ. ಎಷ್ಟು ಧೈರ್ಯದ ಮನುಷ್ಯ ಎಂದು ಅವಳಿಗೆ ಹೆಮ್ಮೆಯೇ ಆಗಿತ್ತು.

ಮರುದಿನದ ಕ್ಲಾಸಿನಲ್ಲಿ ಪದ್ಧತಿಯಂತೆ ಒಬ್ಬೊಬ್ಬರೂ ಒಬ್ಬ ರೋಗಿಯ ಜೊತೆ ಆಡಿದ ಮಾತನ್ನು, ಹೆಸರು ಹೇಳದೆ, ಒಪ್ಪಿಸಬೇಕಿತ್ತು. ಹೊಸದಾಗಿ ಸೇರಿದ್ದ ಮಾಸೂಮಾ ಎದ್ದು ನಿಂತಳು.

“ಒಬ್ಬರು ಅಜ್ಜಾರು, ಮೇಡಂ. ಖಾನಾಪುರದಾಗ ಹಂಚಿನ ಕಾರ್ಖಾನಿಯೊಳಗ ಇದ್ರಂತ. ನಾಳೆ ಕಾಲು ತಗೀತಾರ. ಭಾಳ ಅಂಜಿಕಿ ಆಗ್ತೈತಿ ಅಂದ್ರು. ಮತ್ತ ಹೂಂ ಯಾಕಂದ್ರಿ ಅಂತ ಕೇಳಿದೆ. ‘ಬ್ಯಾಡ ಅಂದ್ರ ಮಗಳು ಕುಂತು ಮಾತಾಡಬೇಕಾಕ್ಕೈತಿ. ಆಕಿಗೆ ಪುರಸೊತ್ತಿಲ್ಲ. ಹೂಂ ಅಂದ್ರ ಲಗೂನ ಮುಗೀತೈತಿ’ ಅಂದ್ರು.”

“ಎಂಥಾ ಮಗಳರೀ ಆಕಿ!” ಎಂದು ಹಿಂದಿನ ಬೆಂಚಿನಿಂದ ಯಾರೋ ಗೊಣಗಿದರು.

ಅಪ್ಪ ಇಲ್ಲಿರುವುದನ್ನು ನಿಖಿತಾ ವಿದ್ಯಾರ್ಥಿಗಳಿಗೆ ಹೇಳಿರಲಿಲ್ಲ. “ಛಲೋ ಕೇಳ್ಕೊಂಡು ಬಂದಿ, ಮಾಸೂಮಾ,” ಎಂದಷ್ಟೇ ಹೇಳಿ ಕ್ಲಾಸು ಬಿಟ್ಟಳು. ಮೀಟಿಂಗಿಗೆ ಬರುವುದಿಲ್ಲವೆಂದು ಫೋನು ಮಾಡಿ ನೇರ ಅಪ್ಪನ ವಾರ್ಡಿಗೆ ಹೋಗಿ, ಸ್ಟೂಲು ಎಳೆದುಕೊಂಡು ಕುಳಿತಳು.

ಅವಳು ಕುಳಿತದ್ದು ನೋಡಿಯೇ ತಮ್ಮಣ್ಣನಿಗೆ ಗಾಬರಿಯಾಯಿತು.

“ಯಾಕವ್ವಾ, ಡಾಕ್ಟರು ಏನರ ಅಂದ್ರೇನು?”

“ಏನೂ ಅಂದಿಲ್ಲಪ್ಪಾ, ಸುಮ್ಮನ ಬಂದೆ. ನಿನಗ ಅಂಜಿಕಿ ಆಗೈತೇನು?”

ಅವನು ಕಿಟಕಿಯ ಕಡೆ ಹೊರಳಿದ. ಇಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರಿ ಎಂದು ಊರಿಗೆಲ್ಲ ಕಲಿಸುವವಳಿಗೆ ಈಗ ಸುಮ್ಮನಿರುವುದು ಪ್ರಾಣಸಂಕಟವಾಗಿತ್ತು.

“ಕಾಲು ಹೋದರ ಹೋಗಲಿ, ಕೊಳತೈತಿ ಅಂತ ನನಗೂ ಗೊತ್ತೈತಿ,” ಎಂದ ಕೊನೆಗೆ. “ಆಮ್ಯಾಲ ನನ್ನ ಯಾರು ನೋಡ್ಕೋತಾರ?”

“ನಾನ ನೋಡ್ಕೋತೀನಿ.”

“ಯಾವಾಗ?”

ಚುಚ್ಚಬೇಕೆಂದು ಕೇಳಿದ್ದಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ್ದ. ನಿಖಿತಾ ಅವನ ಎದೆಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ತಮ್ಮಣ್ಣ ಅವಳ ಬೆನ್ನು ಸವರುತ್ತ ಉತ್ತರಕ್ಕೆ ಕಾದ.